ಹೊಲದ ಕಲ್ಮಷವೂ ಉಣ್ಣುವ ಅನ್ನವೂ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬುದು ಹಿರಿಯರ ಮಾತು. ಹಳಸಿದ ಅನ್ನವನ್ನೂ, ಹುಳು ಹಿಡಿದ ಕಾಳನ್ನೂ, ಬೂಷ್ಟು ಬಂದ ರೊಟ್ಟಿಯನ್ನೂ ಗುರುತಿಸಿ ದೂರವಿಡುವುದಕ್ಕೆ ಮನುಷ್ಯನಿಗೆ ಕಣ್ಣು, ಮೂಗು, ನಾಲಗೆ ಎಂಬ ಮೂವರು ಕಾವಲುಗಾರರಿದ್ದಾರೆ. ಅನೇಕ ಸಾವಿರ ವರ್ಷಗಳಿಂದಲೂ ಮನುಷ್ಯನು ಇವರನ್ನೇ ನಂಬಿ ಊಟ ಮಾಡುತ್ತ ಬಂದಿದ್ದಾನೆ. ಆದರೆ ಈ ಮೂವರ ಕಣ್ಣನ್ನೂ ತಪ್ಪಿಸಿ ತಟ್ಟೆಯನ್ನು ಸೇರತಕ್ಕ ವಿಷಗಳು ಕೆಲವುಂಟು. ಇವುಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇವು ಬೆರೆತ ಅಕ್ಕಿಯು ಮಲ್ಲಿಗೆಯಂತೆ ಅರಳುತ್ತದೆ, ಸೊಪ್ಪು ಹಸುರಾಗಿ ನಳನಳಿಸುತ್ತದೆ, ಹಾಲು ಕೆನೆಗಟ್ಟುತ್ತದೆ, ಮೀನು ಹೊಸದಾಗಿಯೇ ಕಾಣುತ್ತದೆ. ಉಂಡವರಿಗೆ ಆ ದಿನ ಯಾವ ತೊಂದರೆಯೂ ತೋರುವುದಿಲ್ಲ. ಹತ್ತಿಪ್ಪತ್ತು ವರ್ಷಗಳು ಕಳೆದ ಮೇಲೆ ಚರ್ಮದಲ್ಲಿಯೋ, ಮೂತ್ರಪಿಂಡದಲ್ಲಿಯೋ, ಎಲುಬಿನಲ್ಲಿಯೋ, ನರಗಳಲ್ಲಿಯೋ ಕೇಡು ತಲೆದೋರುತ್ತದೆ. ಅಷ್ಟು ಹೊತ್ತಿಗೆ ಇದು ಯಾವ ಊಟದ ಫಲವೆಂದು ಹೇಳುವುದು ವೈದ್ಯರಿಗೂ ಕಷ್ಟವಾಗುತ್ತದೆ.

ಇಂಥ ಕಲ್ಮಷಗಳು ಅಡಿಗೆಮನೆಯಲ್ಲಿ ಹುಟ್ಟುವುದಿಲ್ಲ. ಇವು ಭೂಮಿ, ನೀರು, ಗಾಳಿಗಳಿಂದ ಹೊಲವನ್ನೂ ಕೆರೆಯನ್ನೂ ಸೇರಿ, ಅಲ್ಲಿಂದ ಪೈರು, ದನಕರು, ಮೀನುಗಳ ಮೂಲಕ ಮನುಷ್ಯನ ದೇಹಕ್ಕೆ ಬರುತ್ತವೆ. ಆದಕಾರಣ ಇವನ್ನು ತಡೆಯತಕ್ಕ ಮೊದಲನೆಯ ಸ್ಥಳವು ಅಡಿಗೆಮನೆಯಲ್ಲ, ಹೊಲ. ಮೊದಲನೆಯ ಕಾವಲುಗಾರನು ವೈದ್ಯನಲ್ಲ, ಬೇಸಾಯಗಾರ. ಈ ಮಾತಿನ ನಿಜವು ಬೇರೆ ಬೇರೆ ದೇಶಗಳಲ್ಲಿ ನಡೆದ ಸಂಗತಿಗಳಿಂದ ಚೆನ್ನಾಗಿ ಮನದಟ್ಟಾಗುತ್ತದೆ.

ವಿಷವು ಕೂಡಿಕೊಳ್ಳುವ ಬಗೆ

ಕೀಟನಾಶಕವನ್ನು ಒಮ್ಮೆಲೇ ಹೆಚ್ಚಾಗಿ ಸೇವಿಸಿದವನು ಕೆಲವು ಗಂಟೆಗಳಲ್ಲಿಯೇ ನೆಲಕ್ಕೆ ಬೀಳುತ್ತಾನೆ. ಇದು ಎಲ್ಲರಿಗೂ ತಿಳಿದ ಬಗೆ. ಎರಡನೆಯ ಬಗೆಯು ಇದಕ್ಕಿಂತ ಮೆಲ್ಲಗಿನದು. ಆರ್ಸೆನಿಕ್ ಎಂಬ ಪಾಷಾಣ, ಕ್ಯಾಡ್ಮಿಯಂ, ಸೀಸ, ಪಾದರಸ ಇವು ಧಾತುಗಳಾದುದರಿಂದ ಕೊಳೆತು ಹೋಗುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ಮಣ್ಣಿಗೆ ಒಮ್ಮೆ ಸೇರಿದ ಕ್ಯಾಡ್ಮಿಯಂ ಅಲ್ಲಿ ತಲೆಮಾರುಗಳವರೆಗೆ ನಿಲ್ಲುತ್ತದೆ. ಮನುಷ್ಯನ ಮೂತ್ರಪಿಂಡವನ್ನು ಸೇರಿದ ಕ್ಯಾಡ್ಮಿಯಂ ಅರ್ಧದಷ್ಟು ಹೊರಬೀಳುವುದಕ್ಕೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ದಿನವೂ ಬರುವುದು ಸಾಸಿವೆಯ ಕಾಳಿಗಿಂತ ಎಷ್ಟೋ ಪಾಲು ಕಡಮೆಯಾಗಿದ್ದರೂ, ಹೋಗುವುದಕ್ಕಿಂತ ಬರುವುದು ಹೆಚ್ಚಾದಾಗ ಹನಿಗೂಡಿ ಹಳ್ಳವಾಗುತ್ತದೆ.

ಇನ್ನೂ ಒಂದು ವಿಶೇಷವುಂಟು. ಕೆಲವು ವಿಷಗಳು ಒಂದು ಜೀವಿಯಿಂದ ಮತ್ತೊಂದಕ್ಕೆ ಹೋಗುವಾಗ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತವೆ. ನೀರಿನಲ್ಲಿರುವ ಅತ್ಯಲ್ಪವಾದ ಪಾದರಸವನ್ನು ಪಾಚಿಯು ಹೀರುತ್ತದೆ. ಪಾಚಿಯನ್ನು ಸಣ್ಣ ಪ್ರಾಣಿಗಳೂ, ಅವನ್ನು ಸಣ್ಣ ಮೀನುಗಳೂ, ಸಣ್ಣ ಮೀನುಗಳನ್ನು ದೊಡ್ಡ ಮೀನುಗಳೂ ತಿನ್ನುತ್ತವೆ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ತಿಂದುದರ ಬಹುಭಾಗವು ಕರಗಿಹೋಗಿ ವಿಷವು ಮಾತ್ರ ಉಳಿಯುವುದರಿಂದ, ಕೊನೆಯ ಮೆಟ್ಟಿಲಿನಲ್ಲಿ ಕುಳಿತ ಮನುಷ್ಯನಿಗೆ ದೊರೆಯುವ ಪಾಲು ನೀರಿನಲ್ಲಿದ್ದುದಕ್ಕಿಂತ ಎಷ್ಟೋ ಸಾವಿರ ಪಟ್ಟು ಹೆಚ್ಚಾಗಿರುತ್ತದೆ.

ನೆಲ್ಲು ಮತ್ತು ಪಾಷಾಣ

ಗಂಗಾ ಬ್ರಹ್ಮಪುತ್ರಾ ನದಿಗಳ ಮುಖಜ ಭೂಮಿಯಲ್ಲಿ ಕೆರೆಕುಂಟೆಗಳ ನೀರನ್ನು ಕುಡಿದು ವಾಂತಿಭೇದಿಗಳಿಂದ ಸಾಯುತ್ತಿದ್ದ ಮಕ್ಕಳನ್ನು ಉಳಿಸುವ ಸದುದ್ದೇಶದಿಂದ 1970ರ ದಶಕದಿಂದೀಚೆಗೆ ಲಕ್ಷಗಟ್ಟಲೆ ಕೊಳವೆ ಬಾವಿಗಳನ್ನು ಕೊರೆಯಲಾಯಿತು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಆದರೆ ಹಿಮಾಲಯದಿಂದ ಹರಿದುಬಂದ ಮೆಕ್ಕಲು ಮಣ್ಣಿನ ಪದರಗಳಲ್ಲಿ ಪಾಷಾಣವು ಸಹಜವಾಗಿಯೇ ಇದ್ದು, ಅದು ಈ ನೀರಿನಲ್ಲಿ ಕರಗಿತ್ತು. 1983ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯ ಚರ್ಮರೋಗ ತಜ್ಞರಾದ ಡಾಕ್ಟರ್ ಕೆ. ಸಿ. ಸಾಹಾ ಅವರು ಹಳ್ಳಿಗಳಿಂದ ಬಂದ ರೋಗಿಗಳ ಮೈಮೇಲಿನ ಕಪ್ಪು ಚುಕ್ಕೆಗಳನ್ನೂ ಅಂಗೈ ಅಂಗಾಲುಗಳ ಗಂಟುಗಳನ್ನೂ ನೋಡಿ ಇದು ಪಾಷಾಣದ ಕೆಲಸವೆಂದು ಗುರುತಿಸಿದರು. ಬಾಂಗ್ಲಾದೇಶದ ಬಾವಿಗಳಲ್ಲಿ ಇದು 1993ರಲ್ಲಿ ದೃಢಪಟ್ಟಿತು. ಆ ದೇಶದ ಹನ್ನೆರಡೂವರೆ ಕೋಟಿ ಜನರಲ್ಲಿ ಮೂರೂವರೆ ಕೋಟಿಯಿಂದ ಏಳು ಕೋಟಿ ಎಪ್ಪತ್ತು ಲಕ್ಷದವರೆಗಿನ ಜನರು ಈ ಅಪಾಯಕ್ಕೆ ಒಳಗಾಗಿರುವರೆಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಂದಾಜು ಮಾಡಲಾಗಿತ್ತು. ಬಹುಕಾಲ ಸೇವಿಸಿದವರಿಗೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳಲ್ಲಿ ಅರ್ಬುದ ರೋಗವು ಬರಬಹುದೆಂಬುದು ಸಿದ್ಧವಾದ ವಿಷಯ.

ಈ ಕಥೆಯಲ್ಲಿ ಬೇಸಾಯಗಾರನು ಗಮನಿಸತಕ್ಕದ್ದು ಎರಡನೆಯ ಭಾಗ. ಕುಡಿಯುವ ನೀರಿನ ಬಾವಿಗಳಿಗೆ ಕೆಂಪು ಬಣ್ಣ ಬಳಿದು ಎಚ್ಚರಿಸಿದುದು ಸರಿಯೇ. ಆದರೆ ಅದೇ ಬಗೆಯ ಬಾವಿಗಳಿಂದ ಬೇಸಗೆಯ ನೆಲ್ಲಿಗೂ ನೀರು ಹಾಯುತ್ತಿತ್ತು. ಪೈರುಗಳಲ್ಲೆಲ್ಲ ನೆಲ್ಲು ಪಾಷಾಣವನ್ನು ಹೆಚ್ಚಾಗಿ ಹೀರತಕ್ಕದ್ದು. ಗೋಧಿ ಮೊದಲಾದ ಧಾನ್ಯಗಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಾಗಿ ಅದು ಸೆಳೆದುಕೊಳ್ಳಬಲ್ಲದು. ಇದಕ್ಕೆ ಕಾರಣಗಳು ಎರಡು. ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನೊಳಕ್ಕೆ ಗಾಳಿಯಾಡುವುದಿಲ್ಲ. ಆಗ ಮಣ್ಣಿನ ಕಣಗಳ ಮೇಲೆ ತುಕ್ಕಿನಂತೆ ಕುಳಿತ ಕಬ್ಬಿಣದ ಅಂಶವು ಕರಗಿ, ಅದಕ್ಕೆ ಅಂಟಿಕೊಂಡಿದ್ದ ಪಾಷಾಣವು ಬಿಡುಗಡೆಯಾಗುತ್ತದೆ. ಇದು ಒಂದು. ನೆಲ್ಲಿನ ಬೇರು ಹುಲ್ಲು ಗಟ್ಟಿಯಾಗಿ ನಿಲ್ಲುವುದಕ್ಕಾಗಿ ಮಣ್ಣಿನಿಂದ ಸಿಲಿಕವನ್ನು ಬಹಳವಾಗಿ ತೆಗೆದುಕೊಳ್ಳುತ್ತದೆ. ಹೀಗೆ ಬಿಡುಗಡೆಯಾದ ಪಾಷಾಣವು ರೂಪದಲ್ಲಿ ಸಿಲಿಕವನ್ನು ಹೋಲುವುದರಿಂದ ಅದೇ ಬಾಗಿಲಿನಿಂದ ಒಳನುಗ್ಗುತ್ತದೆ. ಇದು ಎರಡು. ಒಳಸೇರಿದ ಪಾಷಾಣವು ಹುಲ್ಲಿನಲ್ಲಿ ಹೆಚ್ಚಾಗಿಯೂ, ತೌಡಿನಲ್ಲಿ ಸಾಕಷ್ಟಾಗಿಯೂ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಕಡಮೆಯಾಗಿಯೂ ಇರುತ್ತದೆ. ಹುಲ್ಲನ್ನು ತಿಂದ ದನಗಳ ವಿಷಯದಲ್ಲಿಯೂ ಇದನ್ನು ಮರೆಯಬಾರದು.

ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಮಿಗಿಂತ, ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಹತ್ತು ಪಾಲಿಗಿಂತ, ಹೆಚ್ಚು ಪಾಷಾಣವಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಕಿಲೋಗ್ರಾಮಿಗೆ 0.2 ಮಿಲಿಗ್ರಾಂ ಅಜೈವಿಕ ಪಾಷಾಣವೇ ಮೇರೆಯೆಂದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಂಡಲಿಯು 2014ರಲ್ಲಿ ನಿಶ್ಚಯಿಸಿತು.

ಕರ್ಣಾಟಕದ ನೆಲ್ಲಿನ ಸೀಮೆಗಳಿಗೆಲ್ಲ ಈ ಭಯವನ್ನು ಹಚ್ಚುವುದು ಸರಿಯಲ್ಲ. ನಾಲೆಯ ನೀರಿಗೂ ಆಳದ ಮೆಕ್ಕಲಿನ ನೀರಿಗೂ ಬಹಳ ವ್ಯತ್ಯಾಸವುಂಟು. ಆದರೂ ಇಲ್ಲಿ ಎಚ್ಚರವೇ ಬೇಡವೆನ್ನುವಂತಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಹಳೆಯ ಚಿನ್ನದ ಗಣಿಯ ಬಳಿಯ ಕಿರದಳ್ಳಿ ತಾಂಡಾದಲ್ಲಿ, ಕೊಳವೆ ಬಾವಿಯ ನೀರು ಕುಡಿದವರ ಮೈಮೇಲೆ ಬಂಗಾಳದಲ್ಲಿ ಕಂಡಂಥ ಗುರುತುಗಳೇ ಕಂಡುಬಂದು, ನೀರಿನಲ್ಲಿ ಪಾಷಾಣವಿರುವುದು ಪರೀಕ್ಷೆಯಿಂದ ತಿಳಿಯಿತು. ಚಿನ್ನದ ಅದುರಿನೊಡನೆ ಪಾಷಾಣದ ಅದುರು ಕೂಡಿರುವುದು ಸಾಮಾನ್ಯ. ಇಂಥ ನೆಲದಲ್ಲಿ ಹೊಸ ಬಾವಿಯನ್ನು ಕೊರೆಯಿಸಿದವರು ನೀರು ಎಷ್ಟು ಬಂದಿತೆಂಬುದನ್ನು ಮಾತ್ರ ನೋಡದೆ, ಎಂಥದು ಬಂದಿತೆಂಬುದನ್ನೂ ಪರೀಕ್ಷೆ ಮಾಡಿಸತಕ್ಕದ್ದು.

ಗದ್ದೆಯ ನೀರಿನೊಡನೆ ಬಂದ ಎಲುಬಿನ ಬೇನೆ

ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿನ್‌ಜೂ ಎಂಬ ನದಿಯುಂಟು. ಅದರ ಮೇಲ್ಭಾಗದಲ್ಲಿ ಕಾಮಿಯೋಕಾ ಎಂಬಲ್ಲಿ ಸತುವಿನ ಗಣಿಯಿತ್ತು. ಅದುರನ್ನು ತೊಳೆದು ಬಿಟ್ಟ ನೀರಿನಲ್ಲಿ ಕ್ಯಾಡ್ಮಿಯಂ ಎಂಬ ಧಾತುವು ನದಿಯನ್ನು ಸೇರಿತು. ನದಿಯಿಂದ ಕಾಲುವೆಗಳಿಗೂ, ಕಾಲುವೆಗಳಿಂದ ಗದ್ದೆಗಳಿಗೂ, ಗದ್ದೆಗಳಿಂದ ಅಕ್ಕಿಗೂ ಬಂದಿತು. ಆ ಅಕ್ಕಿಯನ್ನು ವರ್ಷಗಟ್ಟಲೆ ಉಂಡವರಲ್ಲಿ, ಮುಖ್ಯವಾಗಿ ಹಲವು ಮಕ್ಕಳನ್ನು ಹೆತ್ತು ವಯಸ್ಸಾದ ಹೆಂಗಸರಲ್ಲಿ, ಮೊದಲು ಮೂತ್ರಪಿಂಡಗಳು ಕೆಟ್ಟು, ಆ ಬಳಿಕ ಎಲುಬುಗಳು ಮೆತ್ತಗಾದವು. ಕೆಮ್ಮಿದರೂ ಪಕ್ಕೆಲುಬು ಮುರಿಯುವ ಸ್ಥಿತಿಯುಂಟಾಯಿತು. ರೋಗಿಗಳು “ಇತಾಯ್ ಇತಾಯ್”, ಎಂದರೆ “ಅಯ್ಯೋ ನೋವು, ಅಯ್ಯೋ ನೋವು” ಎಂದು ನರಳುತ್ತಿದ್ದುದರಿಂದ ಬೇನೆಗೆ ಅದೇ ಹೆಸರು ನಿಂತಿತು. ಆ ಊರಿನ ವೈದ್ಯರಾದ ನೊಬೊರು ಹಾಗಿನೋ ಅವರು 1950ರ ದಶಕದಲ್ಲಿ ಇದರ ಮೂಲವನ್ನು ಹುಡುಕತೊಡಗಿದರು. 1968ರಲ್ಲಿ ಸರ್ಕಾರವು ಇದು ಗಣಿಯ ಕ್ಯಾಡ್ಮಿಯಮಿನಿಂದಾದ ರೋಗವೆಂದು ಒಪ್ಪಿಕೊಂಡಿತು. ಕೆಟ್ಟುಹೋದ ಗದ್ದೆಗಳ ಮಣ್ಣನ್ನು ಮುಚ್ಚಿ ಹೊಸ ಮಣ್ಣನ್ನು ಹರಡುವ ಕೆಲಸವು ಮೂವತ್ತಕ್ಕೂ ಹೆಚ್ಚು ವರ್ಷ ನಡೆದು 2012ರಲ್ಲಿ ಮುಗಿಯಿತು. ಒಂದು ನದಿಯನ್ನು ಕೆಡಿಸುವುದು ಸುಲಭ. ಒಂದು ಗದ್ದೆಯನ್ನು ಮತ್ತೆ ಸರಿಪಡಿಸುವುದಕ್ಕೆ ಒಂದು ತಲೆಮಾರು ಬೇಕಾಯಿತು.

ಇಲ್ಲಿ ಒಂದು ತೊಡಕನ್ನು ಬೇಸಾಯಗಾರರು ತಿಳಿದಿರಬೇಕು. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಪಾಷಾಣವು ಹೆಚ್ಚಾಗಿ ಪೈರಿಗೇರುತ್ತದೆ. ಆದರೆ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ ಕರಗದೆ ನಿಲ್ಲುತ್ತದೆ. ಗದ್ದೆಯನ್ನು ಒಣಗಿಸಿದರೆ ಪಾಷಾಣವು ತಗ್ಗುತ್ತದೆ; ಕ್ಯಾಡ್ಮಿಯಂ ಏಳುತ್ತದೆ. ಆದುದರಿಂದ ನೀರು ಕಟ್ಟಿ ಒಣಗಿಸುವ ಕ್ರಮವು ಎಲ್ಲ ಕಡೆಗೂ ಒಂದೇ ಮದ್ದಲ್ಲ. ತನ್ನ ಮಣ್ಣಿನಲ್ಲಿ ಯಾವುದಿದೆಯೆಂಬುದನ್ನು ಮೊದಲು ತಿಳಿದುಕೊಂಡೇ ರೈತನು ಕ್ರಮವನ್ನು ಆರಿಸಿಕೊಳ್ಳಬೇಕು. ಹುಳಿ ಮಣ್ಣಿಗೆ ಸುಣ್ಣ ಹಾಕುವುದರಿಂದ ಕ್ಯಾಡ್ಮಿಯಂ ಪೈರಿಗೆ ಏರುವುದು ಕಡಮೆಯಾಗುತ್ತದೆ. ಮಲೆನಾಡು ಕರಾವಳಿಗಳ ಹುಳಿ ನೆಲದವರಿಗೆ ಸುಣ್ಣದಿಂದ ಆಗುವ ಲಾಭಗಳಲ್ಲಿ ಇದೂ ಒಂದೆಂದು ಎಣಿಸಬಹುದು.

ಮೀನು ಮತ್ತು ಪಾದರಸ

ಜಪಾನಿನಲ್ಲಿಯೇ ಮಿನಮಾತಾ ಎಂಬ ಬೆಸ್ತರ ಊರಿನ ಸಂಗತಿಯು ಇನ್ನೂ ದಾರುಣವಾದದ್ದು. ಅಲ್ಲಿನ ರಾಸಾಯನಿಕ ಕಾರ್ಖಾನೆಯೊಂದು ಪಾದರಸವುಳ್ಳ ಕೊಳಚೆಯನ್ನು ಕೊಲ್ಲಿಗೆ ಬಿಡುತ್ತಿತ್ತು. ಮೊದಲು ಊರಿನ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. ಆ ಬೆಕ್ಕುಗಳು ತಿಂದದ್ದು ಮನೆಯವರು ತಿಂದ ಮೀನನ್ನೇ. 1956ರ ಮೇ ತಿಂಗಳಲ್ಲಿ ಕೈಕಾಲು ಸ್ವಾಧೀನ ತಪ್ಪಿದ ಮಕ್ಕಳ ವಿಷಯವು ಆರೋಗ್ಯಾಧಿಕಾರಿಗಳಿಗೆ ತಿಳಿಯಬಂತು. ಕಾರ್ಖಾನೆಯು ಕೊಳಚೆಯನ್ನು ಬಿಡುವುದನ್ನು ನಿಲ್ಲಿಸಿದ್ದು 1968ರಲ್ಲಿ. ನಡುವೆ ಹನ್ನೆರಡು ವರ್ಷ ಜನರು ಅದೇ ಮೀನನ್ನು ತಿಂದರು. ಎರಡು ಸಾವಿರಕ್ಕೂ ಮಿಕ್ಕಿ ಜನರನ್ನು ಸರ್ಕಾರವೇ ಈ ರೋಗಕ್ಕೆ ತುತ್ತಾದವರೆಂದು ಎಣಿಸಿತು. ಎಲ್ಲಕ್ಕಿಂತ ಶೋಚನೀಯವಾದದ್ದೇನೆಂದರೆ, ಆರೋಗ್ಯವಂತರಾಗಿಯೇ ಕಾಣುತ್ತಿದ್ದ ತಾಯಂದಿರು ಅಂಗಹೀನ, ಮತಿಹೀನ ಶಿಶುಗಳನ್ನು ಹೆತ್ತರು. ಮೀನಿನಲ್ಲಿರುವ ಪಾದರಸವು ತಾಯಿಯ ರಕ್ತದಿಂದ ಗರ್ಭಸ್ಥ ಶಿಶುವಿನ ಮಿದುಳಿಗೆ ಹಾದುಹೋಗುತ್ತದೆ.

ಇದರಿಂದ ಮೀನನ್ನೇ ಬಿಡಬೇಕೆಂದು ಯಾರೂ ತಿಳಿಯತಕ್ಕದ್ದಲ್ಲ. ಕರಾವಳಿಯ ಬೂತಾಯಿ, ಬಂಗುಡೆಗಳಂಥ ಸಣ್ಣ ಮೀನುಗಳು ಕೆಲವೇ ಕಾಲ ಬದುಕುವುದರಿಂದಲೂ, ಕೆಳಗಿನ ಮೆಟ್ಟಿಲಿನಲ್ಲಿರುವುದರಿಂದಲೂ ಅವುಗಳಲ್ಲಿ ಪಾದರಸವು ಕಡಮೆ, ಪುಷ್ಟಿಯಾದರೋ ಹೆಚ್ಚು. ಶಾರ್ಕಿನಂಥ ದೊಡ್ಡ ಬೇಟೆ ಮೀನುಗಳನ್ನು ಗರ್ಭಿಣಿಯರೂ ಎಳೆಯ ಮಕ್ಕಳೂ ಮೇಲಿಂದ ಮೇಲೆ ತಿನ್ನದಿರುವುದು ಒಳ್ಳೆಯದು.

ಬಿತ್ತನೆಯ ಕಾಳನ್ನು ಉಂಡುದರ ಫಲ

ಇದುವರೆಗೆ ಹೇಳಿದವು ಗಣಿ ಕಾರ್ಖಾನೆಗಳಿಂದಲೂ ಭೂಮಿಯ ಗುಣದಿಂದಲೂ ಬಂದ ಕೇಡುಗಳು. ಇನ್ನು ಮುಂದೆ ಹೇಳುವವು ಬೇಸಾಯಗಾರನ ಕೈಯಲ್ಲಿರುವ ಔಷಧಗಳಿಂದ ಬಂದವು.

1971ರಲ್ಲಿ ಇರಾಕ್ ದೇಶದಲ್ಲಿ ಬರಗಾಲವಿದ್ದುದರಿಂದ ಹೊರದೇಶದಿಂದ ಬಿತ್ತನೆಯ ಗೋಧಿಯನ್ನು ತರಿಸಲಾಯಿತು. ಕಾಡಿಗೆ ರೋಗ ತಗಲದಂತೆ ಅದಕ್ಕೆ ಪಾದರಸದ ಔಷಧವನ್ನು ಪೂಸಿ, ಗುರುತಿಗಾಗಿ ಬಣ್ಣವನ್ನೂ ಹಾಕಿದ್ದರು. ಚೀಲಗಳ ಮೇಲೆ ಎಚ್ಚರಿಕೆಯೇನೋ ಇತ್ತು. ಆದರೆ ಅದು ಹಳ್ಳಿಗರಿಗೆ ತಿಳಿಯದ ಪರಭಾಷೆಯಲ್ಲಿತ್ತು. ಕಾಳು ಬಂದದ್ದು ಅನೇಕ ಕಡೆ ಬಿತ್ತನೆಯ ಕಾಲ ಮೀರಿದ ಮೇಲೆ. ಹಸಿದ ಮನೆಯವರು ಅದನ್ನು ತೊಳೆದರು, ಬಣ್ಣ ಹೋಯಿತು, ವಿಷವೂ ಹೋಯಿತೆಂದು ನಂಬಿ ರೊಟ್ಟಿ ಮಾಡಿ ಉಂಡರು. ಕೆಲವು ವಾರಗಳವರೆಗೆ ಏನೂ ಆಗಲಿಲ್ಲ. ಬಳಿಕ ತುಟಿ ಬೆರಳುಗಳು ಮರಗಟ್ಟಿ, ನಡಗೆ ತಪ್ಪಿ, ಕಣ್ಣು ಮಂಜಾಯಿತು. ಆಸ್ಪತ್ರೆಗಳನ್ನು ಸೇರಿದವರು 6,530 ಮಂದಿ. ಆಸ್ಪತ್ರೆಗಳಲ್ಲಿಯೇ ಸತ್ತವರು 459 ಮಂದಿ. ಬಣ್ಣ ಬೇರೆ, ವಿಷ ಬೇರೆ. ತೊಳೆದರೆ ಹೋಗುವುದು ಬಣ್ಣ ಮಾತ್ರ ಎಂಬುದನ್ನು ಈ ಒಂದು ದೃಷ್ಟಾಂತವು ಸಾರಿ ಹೇಳುತ್ತದೆ.

ನಮ್ಮ ದೇಶದಲ್ಲಿಯೂ ಇಂಥವು ನಡೆದಿವೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸಾಗಣೆಯಲ್ಲಿ ಗೋಧಿಯ ಹಿಟ್ಟಿಗೆ ಬೆರೆತು, ಅದನ್ನು ಉಂಡ ನೂರಕ್ಕೂ ಹೆಚ್ಚು ಜನರು ಸತ್ತರು. 1968ರಲ್ಲಿ ಕೀಟನಾಶಕಗಳ ಕಾಯಿದೆಯು ಬರುವುದಕ್ಕೆ ಈ ದುರಂತವೂ ಕಾರಣವಾಯಿತು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ 23 ಮಂದಿ ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವಿದ್ದುದು ಪರೀಕ್ಷೆಯಿಂದ ಗೊತ್ತಾಯಿತು. ಔಷಧದ ಡಬ್ಬಿಯನ್ನು ಎಣ್ಣೆಗೂ, ನೀರಿಗೂ, ಕಾಳಿಗೂ ಬಳಸುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ವಿರಳ. ಗಟ್ಟಿಯಾದ ಡಬ್ಬಿಯನ್ನು ಎಸೆಯಲು ಮನಸ್ಸು ಬಾರದಿರುವುದು ಸಹಜವೇ. ಆದರೆ ಆ ಉಳಿತಾಯವು ಮನೆಯ ಮಕ್ಕಳ ಬೆಲೆಗೆ ಸಮನಾಗಲಾರದು.

ಕೊಬ್ಬಿನಲ್ಲಿ ನಿಲ್ಲುವ ಔಷಧಗಳು

ಡಿ. ಡಿ. ಟಿ. ಕೀಟಗಳನ್ನು ಕೊಲ್ಲುವುದೆಂದು ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದು, 1948ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಇದು ಅನೇಕ ದೇಶಗಳಲ್ಲಿ ಮಲೇರಿಯವನ್ನು ಹಿಮ್ಮೆಟ್ಟಿಸಿ ಲಕ್ಷಾಂತರ ಪ್ರಾಣಗಳನ್ನು ಉಳಿಸಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹೊಲಗಳಲ್ಲಿ ಮಿತಿಯಿಲ್ಲದೆ ಚೆಲ್ಲಿದಾಗ ಇದರ ಇನ್ನೊಂದು ಗುಣವು ಬಯಲಾಯಿತು. ಇದು ನೀರಿನಲ್ಲಿ ಕರಗುವುದಿಲ್ಲ, ಬೇಗ ಕೊಳೆಯುವುದಿಲ್ಲ. ಕೊಬ್ಬಿನಲ್ಲಿ ಕರಗಿ ನಿಲ್ಲುತ್ತದೆ. ಔಷಧ ಬಿದ್ದ ಹುಲ್ಲನ್ನು ಮೇದ ಹಸುವಿನ ಹಾಲಿಗೂ, ಹಾಲಿನಿಂದ ಬೆಣ್ಣೆ ತುಪ್ಪಗಳಿಗೂ, ಅವನ್ನುಂಡ ತಾಯಿಯ ಎದೆಹಾಲಿಗೂ ಇದು ಬರುತ್ತದೆ. ಅಮೆರಿಕದ ರಾಚೆಲ್ ಕಾರ್ಸನ್ ಅವರು 1962ರಲ್ಲಿ ಗ್ರಂಥವೊಂದರ ಮೂಲಕ ಲೋಕದ ಕಣ್ಣು ತೆರೆಯಿಸಿದರು. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿ. ಡಿ. ಟಿ.ಯನ್ನು ಬಳಸುವುದು 1989ರಲ್ಲಿಯೂ, ಬಿ. ಎಚ್. ಸಿ.ಯನ್ನು ಬಳಸುವುದು 1997ರಲ್ಲಿಯೂ ನಿಷಿದ್ಧವಾಯಿತು.

ಎಂಡೋಸಲ್ಫಾನ್ ಎಂಬ ಔಷಧದ ಕಥೆಯು ಕನ್ನಡ ನಾಡಿಗೆ ಇನ್ನೂ ಹತ್ತಿರದ್ದು. ಕಾಸರಗೋಡು ಸೀಮೆಯಲ್ಲಿಯೂ ದಕ್ಷಿಣ ಕನ್ನಡದ ಕೊಕ್ಕಡ ಮೊದಲಾದ ಗ್ರಾಮಗಳಲ್ಲಿಯೂ ಗೇರುತೋಟಗಳ ಮೇಲೆ ಇದನ್ನು ಹೆಲಿಕಾಪ್ಟರಿನಿಂದ ಚಿಮುಕಿಸುತ್ತಿದ್ದರು. ಗುಡ್ಡದ ಮೇಲಣ ತೋಟಕ್ಕೆ ಬಿದ್ದುದು ಕೆಳಗಿನ ಮನೆ, ಬಾವಿ, ತೋಡುಗಳಿಗೂ ಬಿದ್ದಿತು. ಅಂಗವೈಕಲ್ಯ, ಬುದ್ಧಿಮಾಂದ್ಯಗಳುಳ್ಳ ಮಕ್ಕಳು ಹೆಚ್ಚಾಗಿ ಹುಟ್ಟುತ್ತಿರುವರೆಂದು ಜನರು ಮೊರೆಯಿಟ್ಟರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಲ್ಲೆಲ್ಲ ತಡೆಯಿತು. ಆ ಮಕ್ಕಳು ಈಗ ಬೆಳೆದಿದ್ದಾರೆ; ಅವರನ್ನು ನೋಡಿಕೊಳ್ಳುವ ತಾಯಂದಿರು ಮುದುಕಿಯರಾಗಿದ್ದಾರೆ. ಔಷಧವನ್ನು ನಿಲ್ಲಿಸಿದ ದಿನವೇ ಅದರ ಫಲವು ನಿಲ್ಲುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪಟ್ಟಣದ ಕೊಳಚೆನೀರೂ ಸೊಪ್ಪಿನ ಮಡಿಯೂ

ಬೆಂಗಳೂರಿನ ಚರಂಡಿಗಳ ನೀರೂ ಕಾರ್ಖಾನೆಗಳ ಕೊಳಚೆಯೂ ವೃಷಭಾವತಿಯನ್ನು ಸೇರಿ ಬೈರಮಂಗಲದ ಕೆರೆಗೆ ಹರಿಯುತ್ತವೆ. ನೀರಿಲ್ಲದ ಕಾಲದಲ್ಲಿ ಬಾರಾಮಾಸವೂ ದೊರೆಯುವ, ಗೊಬ್ಬರದ ಸತ್ವವೂ ಉಳ್ಳ ಈ ನೀರನ್ನು ರೈತರು ಬಿಡಲಾರರು. ಬೇರೆ ನೀರನ್ನು ತೋರಿಸದೆ ಅವರನ್ನು ದೂರುವುದೂ ನ್ಯಾಯವಲ್ಲ. ಮನೆಗಳ ಕೊಳೆಯು ಮಾತ್ರವೇ ಆಗಿದ್ದರೆ ಶುದ್ಧಿಮಾಡಿ ಬಳಸಿಕೊಳ್ಳಬಹುದಾಗಿತ್ತು. ಲೋಹಗಳಿಗೆ ಮೆರುಗು ಕೊಡುವ ಕಾರ್ಖಾನೆಗಳು, ಬಣ್ಣದ ಕಾರ್ಖಾನೆಗಳು ಇವುಗಳ ನೀರು ಬೆರೆತಾಗ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳು ಮಣ್ಣಿನಲ್ಲಿ ವರ್ಷ ವರ್ಷಕ್ಕೂ ಕೂಡುತ್ತವೆ. ಇಂಥ ಮಣ್ಣಿನಲ್ಲಿ ಎಲ್ಲ ಪೈರುಗಳೂ ಒಂದೇ ಸಮನಲ್ಲ. ಪಾಲಕ್, ದಂಟು ಮೊದಲಾದ ಸೊಪ್ಪುಗಳು ಹೆಚ್ಚಾಗಿ ಹೀರುತ್ತವೆ. ಮೂಲಂಗಿ, ಗಜ್ಜರಿಗಳಿಗೆ ಮಣ್ಣೇ ಅಂಟಿ ಬರುತ್ತದೆ. ಕಾಯಿ, ಹಣ್ಣುಗಳಿಗೆ ಬರುವುದು ಸಾಮಾನ್ಯವಾಗಿ ಕಡಮೆ. ಹೂವು, ಮರಮುಟ್ಟುಗಳಂಥ ಉಣ್ಣದ ಬೆಳೆಗಳಿಗೆ ಈ ನೀರನ್ನು ತಿರುಗಿಸಿದರೆ ಅಪಾಯವು ಇನ್ನೂ ತಗ್ಗುತ್ತದೆ.

ಸೀಸದ ವಿಷಯವಾಗಿ ಒಂದು ಮಾತು. ಮಕ್ಕಳ ಮಿದುಳಿಗೆ ಇಷ್ಟರವರೆಗೆ ಸೀಸವು ನಿರಪಾಯವೆಂದು ಹೇಳತಕ್ಕ ಮಿತಿಯೇ ಇಲ್ಲವೆಂಬುದು ಈಗಿನ ವೈದ್ಯಶಾಸ್ತ್ರದ ಅಭಿಪ್ರಾಯ. ಸೀಸ ಬೆರೆಸಿದ ಪೆಟ್ರೋಲನ್ನು ನಮ್ಮ ದೇಶದಲ್ಲಿ 2000ದಲ್ಲಿ ನಿಲ್ಲಿಸಲಾಯಿತು. ಆದರೆ ಅದಕ್ಕೆ ಮುಂಚೆ ಹೆದ್ದಾರಿಗಳ ಅಂಚಿನ ಹೊಲಗಳಲ್ಲಿ ಧೂಳಾಗಿ ಬಿದ್ದ ಸೀಸವು ಮಣ್ಣಿನಲ್ಲಿಯೇ ಇದೆ.

ಬೇಸಾಯಗಾರರು ಮಾಡತಕ್ಕ ಕೆಲಸ

1. ಹೊಸ ಕೊಳವೆ ಬಾವಿಯ ನೀರನ್ನು ಕುಡಿಯುವುದಕ್ಕೆ ಮುಂಚೆ ಪರೀಕ್ಷೆ ಮಾಡಿಸತಕ್ಕದ್ದು. ಗಣಿ, ಕಾರ್ಖಾನೆ, ಕೊಳಚೆ ಕಾಲುವೆಗಳ ಬಳಿಯ ಹೊಲದವರು ಮಣ್ಣಿನಲ್ಲಿ ಸಾರವೆಷ್ಟಿದೆಯೆಂಬುದರೊಡನೆ ವಿಷಲೋಹಗಳಿವೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳತಕ್ಕದ್ದು.

2. ಔಷಧದ ಚೀಟಿಯಲ್ಲಿ ಯಾವ ಬೆಳೆಗೆ, ಯಾವ ಕೀಟಕ್ಕೆ, ಎಷ್ಟು ಪ್ರಮಾಣವೆಂದು ಹೇಳಿದೆಯೋ ಅದನ್ನು ಮೀರಕೂಡದು. ಚೀಟಿಯ ಮೇಲಣ ತ್ರಿಕೋನವು ಕೆಂಪಾಗಿದ್ದರೆ ಅತಿ ಘೋರವಾದ ವಿಷವೆಂದೂ, ಹಳದಿಯಾದರೆ ಅದಕ್ಕಿಂತ ಕಡಮೆಯೆಂದೂ, ಬಳಿಕ ನೀಲಿ, ಹಸುರು ಎಂಬ ಕ್ರಮದಲ್ಲಿ ವಿಷವು ಇಳಿಯುವುದೆಂದೂ ತಿಳಿಯಬೇಕು. ಹಸುರು ತ್ರಿಕೋನವೂ ಎಚ್ಚರಿಕೆಯೇ ಹೊರತು ಅಭಯವಲ್ಲ.

3. ಔಷಧ ಹೊಡೆದ ದಿನಕ್ಕೂ ಕೊಯ್ಲಿನ ದಿನಕ್ಕೂ ನಡುವೆ ಬಿಡತಕ್ಕ ದಿನಗಳನ್ನು ತಪ್ಪದೆ ಬಿಡಬೇಕು. ಬದನೆ, ಬೆಂಡೆ, ಹೂಕೋಸುಗಳನ್ನು ನಾಳೆಯ ಸಂತೆಗಾಗಿ ಈ ದಿನ ಔಷಧದಲ್ಲಿ ತೋಯಿಸುವುದು ಕೊಳ್ಳುವವನಿಗೆ ಮಾಡುವ ದ್ರೋಹ.

4. ಔಷಧ ಪೂಸಿದ ಬಿತ್ತನೆಯ ಕಾಳು ಉಳಿದರೆ ಅದನ್ನು ಮನೆಗೂ, ದನಕ್ಕೂ, ಕೋಳಿಗೂ ಹಾಕಕೂಡದು. ತೊಳೆದು, ಒಣಗಿಸಿ, ಹುರಿದು ಬಳಸಬಹುದೆಂದು ತಿಳಿಯಲೂ ಕೂಡದು.

5. ಬರಿದಾದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಔಷಧ ಹೊಡೆಯುವ ಪಂಪಿಗೇ ಸುರಿದು, ಡಬ್ಬಿಯನ್ನು ತೂತು ಮಾಡಿ ಕೆಡಿಸಬೇಕು. ಬಾವಿ, ಕೆರೆ, ಕಾಲುವೆಗಳ ಬಳಿ ತೊಳೆಯಕೂಡದು. ಔಷಧವನ್ನು ಬೀಗವುಳ್ಳ ಬೇರೆ ಪೆಟ್ಟಿಗೆಯಲ್ಲಿಡಬೇಕು. ಕಾಳಿನ ಕಣಜದ ಪಕ್ಕದಲ್ಲಿ ಅದಕ್ಕೆ ಸ್ಥಳವಿಲ್ಲ.

6. ಔಷಧ ಬಿದ್ದ ಬದುವಿನ ಹುಲ್ಲನ್ನು ಕರೆಯುವ ಹಸುವಿಗೆ ಕೂಡಲೇ ಹಾಕಬಾರದು.

7. ಪಟ್ಟಣದ ಕಸದ ಗೊಬ್ಬರವನ್ನು ಕೊಳ್ಳುವಾಗ ಅದರಲ್ಲಿ ಬ್ಯಾಟರಿಯ ತುಂಡು, ಬಣ್ಣದ ಡಬ್ಬಿ, ಗಾಜು, ಪ್ಲಾಸ್ಟಿಕ್ಕುಗಳಿದ್ದರೆ ಬೇಡವೆನ್ನಬೇಕು. ಅಗ್ಗದ ಗೊಬ್ಬರವು ಹೊಲಕ್ಕೆ ಶಾಶ್ವತವಾದ ಸಾಲವಾಗಬಹುದು.

8. ಪರಭಕ್ಷಕ ಕೀಟಗಳು, ಬೇವು, ಬೆಳೆಗಳ ಸರದಿ, ಮೋಹಕ ಬಲೆ ಇವುಗಳಿಂದ ಕೀಟವು ಹತೋಟಿಗೆ ಬರುವಾಗ ವಿಷಕ್ಕೆ ಕೈಚಾಚುವುದು ಅನಾವಶ್ಯಕ.

ಮನೆಯೊಳಗೆ

ಸೊಪ್ಪು ತರಕಾರಿಗಳನ್ನು ಧಾರಾಳವಾದ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯುವುದರಿಂದ ಅಂಟಿದ ಮಣ್ಣು, ಧೂಳು, ಮೇಲಣ ಔಷಧ ಇವು ಬಹಳ ಮಟ್ಟಿಗೆ ಹೋಗುತ್ತವೆ. ಗೆಡ್ಡೆಗಳ ಸಿಪ್ಪೆಯನ್ನು ಹೆರೆದರೆ ಇನ್ನೂ ಒಳ್ಳೆಯದು. ಗಿಡದ ಒಳಕ್ಕೇ ಇಳಿದ ಔಷಧವೂ, ಬೇರಿನಿಂದೇರಿದ ಲೋಹವೂ ತೊಳೆದರೆ ಹೋಗುವುದಿಲ್ಲ. ಎಲ್ಲರೂ ಒಂದೇ ಹೊಲದ, ಒಂದೇ ಧಾನ್ಯದ ಮೇಲೆ ನಿಂತರೆ ಅದರಲ್ಲಿರುವ ಕೇಡೂ ಒಬ್ಬರ ಮೇಲೆಯೇ ಕೂಡುತ್ತದೆ. ಅಕ್ಕಿಯೊಡನೆ ರಾಗಿ, ಜೋಳ, ನವಣೆ, ಸಜ್ಜೆಗಳನ್ನು ಸರದಿಯಲ್ಲಿ ಉಣ್ಣುವುದು ನಾಲಗೆಗೂ ಹಿತ, ದೇಹಕ್ಕೂ ರಕ್ಷೆ.

ಅಕ್ಕಿಯನ್ನು ಆರರಿಂದ ಹತ್ತು ಪಾಲು ನೀರಿನಲ್ಲಿ ಬೇಯಿಸಿ ಗಂಜಿಯನ್ನು ಬಸಿದರೆ, ಅಕ್ಕಿಯ ಜಾತಿಗನುಸಾರವಾಗಿ ನೂರಕ್ಕೆ 40ರಿಂದ 60ರಷ್ಟು ಅಜೈವಿಕ ಪಾಷಾಣವು ಹೊರಬೀಳುತ್ತದೆಂದು ಕಂಡುಬಂದಿದೆ. ಆದರೆ ಗಂಜಿಯೊಡನೆ ಜೀವಸತ್ವಗಳೂ ಹೋಗುತ್ತವೆ. ಆದುದರಿಂದ ಅಕ್ಕಿ, ನೀರು ಎರಡೂ ಶುದ್ಧವಾಗಿರುವ ಕಡೆ ಗಂಜಿಯನ್ನು ಚೆಲ್ಲಬಾರದೆಂಬ ಹಿಂದಿನ ಉಪದೇಶವೇ ಸರಿ. ಪಾಷಾಣದ ಸೀಮೆಯಲ್ಲಿ ಮಾತ್ರ ಬಸಿಯುವುದು ಸರಿ. ಬೇಯಿಸುವ ನೀರಿನಲ್ಲಿಯೇ ಪಾಷಾಣವಿದ್ದರೆ ಅದು ಅನ್ನವನ್ನು ಇನ್ನಷ್ಟು ಕೆಡಿಸುವುದರಿಂದ ಒಳ್ಳೆಯ ನೀರನ್ನು ಹುಡುಕದೆ ಬೇರೆ ಉಪಾಯವಿಲ್ಲ.

ಉಪಸಂಹಾರ

ಮೇಲೆ ಹೇಳಿದ ಸಂಗತಿಗಳಲ್ಲೆಲ್ಲ ಒಂದು ಸಮಾನವಾದ ಅಂಶವುಂಟು. ಮಿನಮಾತಾದ ಬೆಸ್ತನು ತನ್ನ ಮೀನನ್ನು ನಂಬಿದನು. ಜಿನ್‌ಜೂ ದಡದ ಹೆಂಗಸು ತನ್ನ ಅಕ್ಕಿಯನ್ನು ನಂಬಿದಳು. ಬಂಗಾಳದ ತಾಯಿಯು ತಿಳಿನೀರನ್ನು ನಂಬಿದಳು. ಬಿಹಾರದ ಮಕ್ಕಳು ಶಾಲೆಯ ಎಲೆಯಲ್ಲಿ ಬಡಿಸಿದುದನ್ನು ನಂಬಿದರು. ನಂಬದೆ ಉಣ್ಣುವುದು ಯಾರಿಂದಲೂ ಸಾಧ್ಯವಿಲ್ಲ. ಪ್ರತಿಯೊಂದು ತುತ್ತನ್ನೂ ಪರೀಕ್ಷೆಗೆ ಕಳುಹಿಸಿ ಊಟಕ್ಕೆ ಕೂಡುವ ಮನೆಯು ಲೋಕದಲ್ಲಿಲ್ಲ. ಆದುದರಿಂದ ಉಣ್ಣುವವನ ನಂಬಿಕೆಯನ್ನು ಉಳಿಸತಕ್ಕ ಭಾರವು ಬೆಳೆಯುವವನ ಮೇಲೂ, ನೀರನ್ನು ಹರಿಯಬಿಡುವ ಕಾರ್ಖಾನೆಯ ಮೇಲೂ, ಅದನ್ನು ನೋಡಿಕೊಳ್ಳತಕ್ಕ ಅಧಿಕಾರಿಗಳ ಮೇಲೂ ಬೀಳುತ್ತದೆ. ಇವರಲ್ಲಿ ಬೇಸಾಯಗಾರನಿಗೆ ಇನ್ನೂ ಒಂದು ಕಾರಣವುಂಟು. ತನ್ನ ಹೊಲದ ಬೆಳೆಯನ್ನು ಮೊದಲು ಉಣ್ಣುವವರೂ, ಔಷಧದ ಗಾಳಿಯನ್ನು ಮೊದಲು ಸೇವಿಸುವವರೂ, ಆ ಬಾವಿಯ ನೀರನ್ನು ಮೊದಲು ಕುಡಿಯುವವರೂ ಅವನ ಹೆಂಡತಿ ಮಕ್ಕಳೇ. ಸಂತೆಗೆ ಕಳುಹಿಸುವ ಮೂಟೆಯನ್ನೂ ಮನೆಯ ಕಣಜದ ಕಾಳನ್ನೂ ಒಂದೇ ಕಣ್ಣಿನಿಂದ ನೋಡುವ ರೈತನು ತನ್ನ ಮನೆಯನ್ನೂ ಊರನ್ನೂ ಏಕಕಾಲದಲ್ಲಿ ಕಾಯುತ್ತಾನೆ.